ತಂದೆಯ ನಾಗಸ್ವರ, ಮಗನ ಸ್ಯಾಕ್ಸೊಫೋನು

ನಮ್ಮಲ್ಲಿ ವಿವಾಹಾದಿ ಶುಭಕಾರ್ಯಗಳು ವಾದ್ಯವಿಲ್ಲದೆ ನಡೆಯುವುದು ಅಪರೂಪ. ಆದರೆ ಆ ವಾದ್ಯವನ್ನು ಕಿವಿಗೊಟ್ಟು ಕೇಳುವವರು ಎಷ್ಟು ಮಂದಿ? ಮಾಂಗಲ್ಯಧಾರಣೆಯ ಹೊತ್ತಿಗೆ ಗಟ್ಟಿಮೇಳವಾದರೆ ನಮಗೆ ಸಾಕು. ಮಿಕ್ಕ ಹೊತ್ತೆಲ್ಲವೂ ಬೀಗರ ಉಪಚಾರಕ್ಕೂ ಒಡವೆವಸ್ತ್ರಗಳ ಮಾತಿಗೂ ಮೀಸಲು. ಚಪ್ಪರದ ಮೂಲೆಯಲ್ಲಿ ಕುಳಿತು ಊದುವಾತನು ಯಾವ ರಾಗವನ್ನು ನುಡಿಸಿದನೆಂದು ವಿಚಾರಿಸುವ ಗೃಹಸ್ಥರು ವಿರಳ. ಅಂಥ ವಾದ್ಯಗಾರರ ಮನೆಯಲ್ಲಿ ಹುಟ್ಟಿ, ಲೋಕವನ್ನೇ ಸುತ್ತಿಬಂದ ಕಲಾವಿದರೊಬ್ಬರ ವಿಷಯವನ್ನು ಈ ತಿಂಗಳು ವಾಚಕರ ಮುಂದಿಡುತ್ತೇನೆ.

ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ದೇವಸ್ಥಾನದ ಉತ್ಸವಕ್ಕೂ ಭೂತದ ಕೋಲಕ್ಕೂ ವಾದ್ಯದವರು ಬರಲೇಬೇಕು. ಬಂಟವಾಳ ತಾಲೂಕಿನ ಸಜೀಪಮೂಡದಲ್ಲಿ 1949ರಲ್ಲಿ ಕದ್ರಿ ಗೋಪಾಲನಾಥರು ಜನಿಸಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಬಾಲಕನಿಗೆ ಮೊದಲ ಪಾಠವು ಅವರಿಂದಲೇ ಆಯಿತು. ಹೀಗಿರಲು ಒಮ್ಮೆ ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ಧ್ವನಿಯನ್ನು ಕೇಳಿ ಆ ಬಾಲಕನು ಮನಸೋತನು. ಬೆಲ್ಜಿಯಂ ದೇಶದ ಅಡಾಲ್ಫ್ ಸಾಕ್ಸ್ ಎಂಬಾತನು ನಿರ್ಮಿಸಿ, 1846ರಲ್ಲಿ ಹಕ್ಕುಪತ್ರ ಪಡೆದ ವಾದ್ಯವದು.

ಮನಸೋಲುವುದು ಸುಲಭ, ಒಲಿಸಿಕೊಳ್ಳುವುದು ಕಷ್ಟ. ನಾಗಸ್ವರದಲ್ಲಿ ಬೆರಳು ರಂಧ್ರದ ಮೇಲೆಯೇ ಇರುವುದು. ಅದನ್ನು ಅರೆಬರೆಯಾಗಿ ಮುಚ್ಚಿ ತೆರೆದು ಸ್ವರವನ್ನು ಜಾರಿಸಬಹುದು, ಬಳುಕಿಸಬಹುದು. ಸ್ಯಾಕ್ಸೊಫೋನಿನಲ್ಲಾದರೋ ರಂಧ್ರಕ್ಕೂ ಬೆರಳಿಗೂ ನಡುವೆ ಕೀಲಿಗಳಿವೆ. ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ಗಮಕವಿಲ್ಲದ ಕರ್ಣಾಟಕ ಸಂಗೀತವೋ ಒಗ್ಗರಣೆಯಿಲ್ಲದ ಸಾರಿನಂತೆ! ಗೋಪಾಲನಾಥರು ಕೀಲಿಗಳಲ್ಲಿ ತಕ್ಕ ಮಾರ್ಪಾಡು ಮಾಡಿಸಿಕೊಂಡು, ತುಟಿಯ ಹಿಡಿತವನ್ನೂ ಉಸಿರಿನ ನಿಯಮವನ್ನೂ ಬಹುವರ್ಷ ಸಾಧಿಸಿ, ಆ ಪರದೇಶದ ಲೋಹದ ಬಾಯಲ್ಲಿ ನಮ್ಮ ರಾಗಗಳನ್ನು ನುಡಿಸಿದರು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರವರೂ ಮದರಾಸಿನ ಟಿ. ವಿ. ಗೋಪಾಲಕೃಷ್ಣನ್‌ರವರೂ ಅವರಿಗೆ ಗುರುಗಳಾದರು.

ಮುಂದೆ 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ಅವರು ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಪ್ರಾಮ್ಸ್ ಸಂಗೀತೋತ್ಸವಕ್ಕೆ ಆಹ್ವಾನ ಬಂದಿತು. ಅದೇ ವರ್ಷ ‘ಡ್ಯುಯೆಟ್’ ಎಂಬ ತಮಿಳು ಚಲನಚಿತ್ರದಲ್ಲಿ ಅವರ ವಾದನವನ್ನು ಜನಸಾಮಾನ್ಯರೂ ಕೇಳಿದರು. 2004ರಲ್ಲಿ ಪದ್ಮಶ್ರೀ ಲಭಿಸಿತು. 2008ರಲ್ಲಿ ಅಮೆರಿಕದ ರುದ್ರೇಶ್ ಮಹಾಂತಪ್ಪನವರೊಡನೆ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆ ಹೊರಬಂದಿತು. ಹಾಗೆಂದರೆ ಬಂಧುಗಳು ಎಂದರ್ಥ. 2019ರ ಅಕ್ಟೋಬರ್ 11ರಂದು ಗೋಪಾಲನಾಥರು ಮಂಗಳೂರಿನಲ್ಲಿ ಕಾಲವಾದರು.

ಮನೆತನದ ವಾದ್ಯವನ್ನು ಬಿಟ್ಟು ಪರಕೀಯವಾದುದನ್ನು ಹಿಡಿದುದು ಸರಿಯೇ ಎಂದು ಕೇಳುವ ಹಿರಿಯರು ಉಂಟು. ಮಕ್ಕಳು ಹೊಸ ಹಾದಿ ಹಿಡಿದಾಗ ಪ್ರತಿಯೊಂದು ಮನೆಯಲ್ಲಿಯೂ ಏಳುವ ಪ್ರಶ್ನೆಯೇ ಇದು. ಆದರೆ ಇಲ್ಲಿ ಪಾತ್ರೆ ಬೇರೆಯಾಯಿತೇ ಹೊರತು ಪಾಕ ಬೇರೆಯಾಗಲಿಲ್ಲ. ತಂದೆಯ ಮನೆಯಲ್ಲಿ ಕಲಿತ ರಾಗವೂ ಉಸಿರೂ ಮಗನೊಡನೆ ಕಡಲು ದಾಟಿದುವು. ಹಳೆಯದನ್ನು ಕಲಿಯದವನು ಹೊಸದನ್ನು ಹಿಡಿದರೆ ಅದು ಬರಿಯ ಬೆಡಗು. ಕಲಿತವನು ಹಿಡಿದರೆ ಅದು ವೃದ್ಧಿ. ಹಿರಿಯರು ನೋಡಬೇಕಾದುದು ಮಗುವಿನ ಕೈಯಲ್ಲಿರುವ ವಾದ್ಯವನ್ನಲ್ಲ, ಅದರ ಹಿಂದಿರುವ ಸಾಧನೆಯನ್ನು.

ಇನ್ನೊಂದು ಮಾತು. ಲಂಡನ್ನಿನ ಜನರು ಸುಮ್ಮನೆ ಕುಳಿತು ಕೇಳಿದ ಸಂಗೀತದ ಬೇರು ನಮ್ಮ ಚಪ್ಪರದ ಮೂಲೆಯಲ್ಲಿದೆ. ಬರುವ ಲಗ್ನದಲ್ಲಿ ವಾದ್ಯದವರಿಗೆ ಒಳ್ಳೆಯ ಆಸನವನ್ನೂ ಹೊತ್ತಿಗೆ ಸರಿಯಾಗಿ ಊಟವನ್ನೂ ಚೌಕಾಸಿಯಿಲ್ಲದೆ ಸಂಭಾವನೆಯನ್ನೂ ಕೊಡಿರಿ. ಒಂದು ಗಳಿಗೆಯಾದರೂ ಮಾತು ನಿಲ್ಲಿಸಿ ಮಕ್ಕಳೊಡನೆ ಕುಳಿತು ಕೇಳಿರಿ. ಆ ವಾದ್ಯಗಾರನ ಪಕ್ಕದಲ್ಲಿ ಶ್ರುತಿ ಹಿಡಿದು ಕುಳಿತ ಹುಡುಗನು ಮುಂದೇನಾಗುವನೋ, ಬಲ್ಲವರಾರು?