ದುಬಾರಿ ಪಂಪು ಯಾರಿಗೆ ಬೇಕು ಮಾರಾಯ್ರೆ?

ಕಾರ್ಬನ್ ಫೈಬರ್ ದೋಟಿ ಬಿರುಕು ಬಿಟ್ಟರೆ "ಬಿಸಾಕಿ, ಹೊಸ ಪೀಸ್ ತಗೊಳ್ಳಿ" ಅನ್ನೋರ ಮೇಲೆ ನನಗೆ ಸಿಟ್ಟಿದೆ. ಅದಕ್ಕಿಂತ ಜಾಸ್ತಿ ಸಿಟ್ಟು, "ಅದು ಮನೇಲಿ ಆಗೋ ಕೆಲಸ ಅಲ್ಲ, ವ್ಯಾಕ್ಯೂಮ್ ಪಂಪು ಬೇಕು, ಅದಕ್ಕೇ ದೋಟಿಯಷ್ಟು ದುಡ್ಡು" ಅಂತ ತಿಳಿದವರ ಹಾಗೆ ತಲೆ ಆಡಿಸೋರ ಮೇಲೆ. ಈ ಬರಹ ಎರಡನೇ ಜಾತಿಯವರಿಗೆ :)

ದೋಟಿ ಗೊತ್ತಿಲ್ಲದ ಪೇಟೆಯ ಬ್ಲಾಗ್ ಮಿತ್ರರಿಗೆ ಎರಡು ಮಾತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಕೊನೆ ಇಳಿಸೋಕೆ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯೋಕೆ ಕೊನೆಗೌಡ ಮರ ಹತ್ತಬೇಕು. ಒದ್ದೆ ಮರದಿಂದ ಜಾರಿದರೆ ಜೀವವೇ ಹೋಗುತ್ತೆ. ಹತ್ತೋರೂ ಈಗ ಕಡಿಮೆ. ಹಾಗಾಗಿ ನೆಲದ ಮೇಲೆ ನಿಂತೇ ಕೆಲಸ ಮುಗಿಸೋ ಹಗುರದ ಉದ್ದ ದೋಟಿ ಬಂತು. ಬೆಲೆ ಹತ್ತಾರು ಸಾವಿರ. ಸಣ್ಣ ತೋಟದವನು ಸಾಲ ಮಾಡಿ ತಗೊಂಡ ದೋಟಿ ಮದ್ದು ಹೊಡೆಯೋ ಹೊತ್ತಿಗೇ ಒಡೆದರೆ? ಮತ್ತೆ ಯಾರನ್ನೋ ಒದ್ದೆ ಮರ ಹತ್ತಿಸಬೇಕು. ತಮಾಷೆ ವಿಷಯ ಅಲ್ಲ ಇದು.

ಹಾಗಾದ್ರೆ ಪಂಪು ಎಲ್ಲಿಂದ ಬಂತು? ದೋಟಿಯ ಪೀಸುಗಳು ಒಂದರೊಳಗೊಂದು ಜಾರಬೇಕು. ಬುಡದ ಪೀಸಿಗೆ ಎಷ್ಟು ದಪ್ಪ ತೇಪೆ ಹಾಕಿದ್ರೂ ನಡೆಯುತ್ತೆ, ಅದಕ್ಕೆ ಸೈಕಲ್ ಟ್ಯೂಬು ಬಿಗಿಯಾಗಿ ಸುತ್ತಿದ್ರೂ ಸಾಕು. ಒಳಗೆ ಜಾರೋ ಪೀಸಿಗೆ ಮಾತ್ರ ಹಾಳಾದ ಪದರ ಉಜ್ಜಿ ತೆಗೆದು, ತೆಳ್ಳಗೆ ತೇಪೆ ಕೂರಿಸಬೇಕು. ಬಟ್ಟೆಗೆ ಇಪಾಕ್ಸಿ ಸವರಿ, ಮೇಲೆ ಪ್ಲಾಸ್ಟಿಕ್ ಚೀಲ ಅಂಟಿಸಿ, ಒಳಗಿನ ಗಾಳಿ ಎಳೆದರೆ ಹೊರಗಿನ ಗಾಳಿಯೇ ಅದನ್ನ ಒತ್ತಿ ಹಿಡಿಯುತ್ತೆ. ಹೆಚ್ಚಿನ ಅಂಟು ಹೊರಗೆ ಬರುತ್ತೆ. ಪಂಪಿನ ಕೆಲಸ ಇಷ್ಟೇ.

ಈಗ ಲೆಕ್ಕಕ್ಕೆ ಬರೋಣ, ಜಗಳ ಇರೋದೇ ಇಲ್ಲಿ. ಗುಡ್ನಾಪುರ ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಲಕ್ಷ ರೂಪಾಯಿ ಪಂಪು ಹಾಕಿದ್ರೂ ಗೇಜಿನ ಮುಳ್ಳು 760 ಮಿಲಿಮೀಟರ್ ಮುಟ್ಟಲ್ಲ, 710ರ ಆಸುಪಾಸಿಗೆ ನಿಲ್ಲುತ್ತೆ. ನಮ್ಮ ಕೆಲಸಕ್ಕೆ ಅದರ ಅರ್ಧ ಸಾಕು. 50 ಕಿಲೋಪಾಸ್ಕಲ್ ಎಳೆದರೆ 30 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ತೇಪೆ ಮೇಲೆ ಸುಮಾರು 150 ಕಿಲೋ ಭಾರ ಕೂತ ಹಾಗೆ! ಪೂರ್ತಿ ಎಳೆದರೆ ಟೊಳ್ಳು ಕೊಳವೆಯ ಒಡೆದ ಜಾಗ ಒಳಕ್ಕೆ ಕುಸಿಯೋ ಭಯ ಬೇರೆ.

50 ಕಿಲೋಪಾಸ್ಕಲ್ ಎಳೆಯೋ ಪಂಪು ನಿಮ್ಮೂರಲ್ಲಿ ಇಲ್ಲವಾ? ಕೊಟ್ಟಿಗೆಗೆ ಹೋಗಿ ನೋಡಿ. ಹಾಲು ಕರೆಯೋ ಮಷಿನ್ ಓಡೋದೇ ಸುಮಾರು 45ರಿಂದ 50 ಕಿಲೋಪಾಸ್ಕಲ್ ಮೇಲೆ. ಎರಡು ಕರೆಯುವಿಕೆಯ ನಡುವೆ ಅದು ಸುಮ್ಮನೆ ಕೂತಿರುತ್ತೆ. ಮಷಿನ್ ಇಲ್ಲದವರು ಫ್ರಿಜ್ ಮೆಕ್ಯಾನಿಕ್ ಇಟ್ಟುಕೊಳ್ಳೋ ಸಣ್ಣ ಪಂಪು ತಗೊಳ್ಳಿ, ಸಿಂಗಲ್ ಸ್ಟೇಜ್ ಸಾಕು. ಅಂಗಡಿಯವನು "ಡಬಲ್ ಸ್ಟೇಜು, ಇಷ್ಟು ಮೈಕ್ರಾನು" ಅಂತ ಶುರು ಮಾಡ್ತಾನೆ. ಅದು ಫ್ರಿಜ್ ಪೈಪಿನ ತೇವ ಒಣಗಿಸೋರಿಗೆ ಬೇಕಾದ್ದು. ನಮ್ಮ ಚೀಲದ ಅಂಚಲ್ಲಿ ಒಂದು ಸಣ್ಣ ತೂತಿದ್ರೆ ಆ ಮೈಕ್ರಾನೆಲ್ಲ ನೀರಲ್ಲಿ ಹೋಮ. ಇನ್ನೂ ಅಗ್ಗ ಬೇಕಂದ್ರೆ ಗುಜರಿ ಫ್ರಿಜ್ಜಿನ ಕಂಪ್ರೆಸರ್. ಅದನ್ನ ಮೆಕ್ಯಾನಿಕ್ ಕೈಲೇ ಬಿಚ್ಚಿಸಿ, ಹೊಸ ಫ್ರಿಜ್ಜುಗಳ ಗ್ಯಾಸಿಗೆ ಬೆಂಕಿ ಹತ್ತುತ್ತೆ.

ದುಡ್ಡು ಹಾಕಬೇಕಾದ್ದು ಬೇರೆ ಕಡೆ. ಒಂದು ಗೇಜು. ಅಂಟು ಪಂಪಿಗೆ ನುಗ್ಗದ ಹಾಗೆ ನಡುವೆ ಒಂದು ದಪ್ಪ ಕಬ್ಬಿಣದ ಡಬ್ಬಿ (ಪ್ಲಾಸ್ಟಿಕ್ ಕ್ಯಾನ್ ಚಪ್ಪಟೆ ಆಗುತ್ತೆ). ಒಂದು ನಾನ್ ರಿಟರ್ನ್ ವಾಲ್ವ್, ಯಾಕಂದ್ರೆ ಮಳೆಗಾಲದ ನಮ್ಮ ಕರೆಂಟಿನ ಕಥೆ ನಿಮಗೇ ಗೊತ್ತು. ಅಂಟು ಸವರೋ ಮುಂಚೆ ಒಣ ಚೀಲದಲ್ಲೇ ಗಾಳಿ ಎಳೆದು, ವಾಲ್ವ್ ಮುಚ್ಚಿ, ಹತ್ತು ನಿಮಿಷ ಮುಳ್ಳು ನೋಡಿ. ಇಳಿದರೆ ತಪ್ಪು ಚೀಲದ್ದು.

"ರೈತರಿಗೆ ಇಷ್ಟೆಲ್ಲ ತಲೆಗೆ ಹೋಗಲ್ಲ" ಅಂತೀರಾ? ಬೋರ್ಡೋ ಕಡೆ ನೋಡಿ. ಕೆನಡಾದಿಂದ ಬಂದು ಮೈಸೂರು ಸರ್ಕಾರದಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ ಬರೆದದ್ದು 1910ರಲ್ಲಿ. ಫ್ರಾನ್ಸಿನ ದ್ರಾಕ್ಷಿ ತೋಟದ ಮದ್ದು ಇವತ್ತು ನಮ್ಮ ಅಂಗಳದ ಡ್ರಮ್ಮಲ್ಲಿ ತಯಾರಾಗುತ್ತೆ. 100 ಲೀಟರಿಗೆ ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ. ಚಾಕು ಅದ್ದಿ ನೋಡ್ತೇವೆ, ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ. ಇಷ್ಟು ರಸಾಯನಶಾಸ್ತ್ರ ಬರೋ ಕೈಗೆ ಒಂದು ಗೇಜು ಓದೋಕೆ ಬರಲ್ವಾ?

ಬೆಂಗಳೂರಲ್ಲಿ ರೂಪುಗೊಂಡ ತೇಜಸ್ ವಿಮಾನದ ಒಡಲಿನ ತೂಕದಲ್ಲಿ ಸುಮಾರು 45 ಭಾಗ ಇದೇ ತರದ ಕಾಂಪೊಸಿಟ್ಟು. ವಿಮಾನಕ್ಕೆ ಆಟೋಕ್ಲೇವ್ ಬೇಕು, ಒಪ್ಪಿದೆ. ಬಟ್ಟೆ ಒಣಗಿಟ್ಟು ರೆಸಿನ್ನನ್ನೇ ಪಂಪಿಂದ ಒಳಗೆಳೆಯೋ ಇನ್‌ಫ್ಯೂಷನ್ ಕೆಲಸಕ್ಕೆ ಒಳ್ಳೇ ಪಂಪು ಬೇಕು, ಅದನ್ನೂ ಒಪ್ಪಿದೆ. ಆದ್ರೆ ದೋಟಿ ತೇಪೆಗೆ ವಿಮಾನದ ಲೆಕ್ಕ ಹೇಳಿ ಹೆದರಿಸಬೇಡಿ. ಹೆದರಿಸಲೇಬೇಕಂದ್ರೆ ನಿಜವಾದ ಭಯ ಹೇಳಿ: ಕಾರ್ಬನ್ ಫೈಬರ್‌ಗೆ ಕರೆಂಟು ಹರಿಯುತ್ತೆ, ತಂತಿ ಹತ್ತಿರ ದೋಟಿ ಎತ್ತಿದರೆ ಸಾವು. ತೇಪೆ ಹಾಕಿದ್ರೂ ಆ ಗುಣ ಹೋಗಲ್ಲ. ಉಜ್ಜೋವಾಗ ಮಾಸ್ಕು, ಇಪಾಕ್ಸಿ ಮುಟ್ಟೋವಾಗ ಗ್ಲೌಸು ಬಿಡಬೇಡಿ. ತೇಪೆ ಹಾಕಿದ ದೋಟಿಯನ್ನ ಮೊದಲು ಖಾಲಿ ಜಾಗದಲ್ಲಿ ಎತ್ತಿ ನೋಡಿ. ಇದನ್ನ ಹೇಳೋರು ಕಡಿಮೆ, ಮಾರೋರು ಜಾಸ್ತಿ.

ಕೊನೇ ತಕರಾರು ನಮ್ಮ ಬ್ಲಾಗಿಗರ ಹತ್ತಿರವೇ. ಗುಡ್ನಾಪುರ ಅಂದ್ರೆ ಕೆರೆಯ ಫೋಟೋ, ಬಂಗಾರೇಶ್ವರ, ರವಿವರ್ಮನ ಶಾಸನ, ಬನವಾಸಿಗೆ ಹೋಗೋ ದಾರಿ.. ಎಲ್ಲ ಬರೀರಿ, ನಾನೂ ಓದ್ತೀನಿ. ಜೊತೆಗೆ ನಿಮ್ಮ ಮನೆ ಕೊಟ್ಟಿಗೆಯ ಪಂಪು ಎಷ್ಟು ಎಳೆಯುತ್ತೆ, ನಿಮ್ಮೂರಲ್ಲಿ ಇಪಾಕ್ಸಿ ಏನು ರೇಟು, ಯಾವ ತೇಪೆ ಒಂದು ಮಳೆಗಾಲ ತಡೀತು ಅಂತ ಕನ್ನಡದಲ್ಲಿ ನಾಲ್ಕು ಸಾಲು ಹಾಕಿ. ಅದನ್ನ ಓದಿ ಒಬ್ಬ ಕೊನೆಗೌಡ ಒದ್ದೆ ಮರ ಹತ್ತೋದು ತಪ್ಪಿದರೂ ಸಾಕಲ್ವಾ?

ಏನಂತೀರಿ?