ಈಸು ಯಾರಪ್ಪನ ಸ್ವತ್ತು?



ನಮ್ಮ ಆಫೀಸಿನವರು ಮುರ್ಡೇಶ್ವರಕ್ಕೆ ಹೊಂಟಾರ. ಅಲ್ಲಿಂದ ಬೋಟಿನ್ಯಾಗ ನೇತ್ರಾಣಿ ದ್ವೀಪ, ಸ್ಕೂಬಾ ಡೈವಿಂಗ್. "ನೀವೂ ಬರ್ರಿ, ಈಸು ಬರದಿದ್ರೂ ನಡೀತೈತಿ" ಅಂದ್ರು. ಸ್ಕೂಬಾಕ್ಕೆ ನಡೀತೈತಿ, ಖರೆ. ಕೈ ಹಿಡಿಯಾಕ ತರಬೇತುದಾರ ಇರ್ತಾನ. ದಂಡ್ಯಾಗ ಅಲೆ ಎಳಕೊಂಡ್ರ ಯಾರಿರ್ತಾರ?

ನಲವತ್ತು ದಾಟಿದರೂ ನನಗೆ ಈಸಾಕ ಬರೂದಿಲ್ಲ. ಹಾನಗಲ್ ಸೀಮೆಯಲ್ಲಿ ಕೆರೆಗಳಿಗೇನು ಬರ ಇಲ್ಲ. ಗೌಡರ ಹುಡುಗರು ನಡಕ್ಕ ಬೆಂಡು ಕಟ್ಕೊಂಡು ಬಾವಿಗೆ ಧುಮುಕತಿದ್ರು. ನಾವು ದೂರ ನಿಂತು ನೋಡತಿದ್ವಿ. ನಾವು ಇಳಿದ್ರ ನೀರು ಮೈಲಿಗಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಆ ಕುಡಿಯುವ ಹಕ್ಕಿನ ಬಗ್ಗೆ ವರ್ಷಾ ಭಾಷಣ ಮಾಡ್ತೀವಿ, ನಾನೂ ಮಾಡೇನಿ. ಈಸುವ ಮಾತು ಮಾತ್ರ ಎತ್ತಲಿಲ್ಲ. ಅದು ಉಳ್ಳವರ ಮೋಜು ಅನ್ಕೊಂಡ್ವಿ.

2024ರ ಡಿಸೆಂಬರ್ 10. ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಇದೇ ಮುರ್ಡೇಶ್ವರದಲ್ಲಿ ಮುಳುಗಿ ಸತ್ತರು. ಸರ್ಕಾರ ತಲಾ 5 ಲಕ್ಷ ಘೋಷಿಸಿತು. ಬೀಚ್ ಕೆಲವು ದಿನ ಬಂದ್ ಆತು, ಮತ್ತ ತೆರೀತು.

ಬೀಚ್ ಮುಚ್ಚರಿ ಅನ್ನಲ್ಲ ನಾನು. ನಮ್ಮ ಮಕ್ಕಳೂ ಸಮುದ್ರ ನೋಡಬೇಕು, ಇಳೀಬೇಕು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕಿನ ಹಾಸ್ಟೆಲ್ ಮಕ್ಕಳಿಗೆ ಈಸು ಕಲಿಸ್ರಿ, ಕಲಿಸೋ ತನಕ ಪ್ರವಾಸದಾಗ ಲೈಫ್ ಜಾಕೆಟ್ ಕೊಡ್ರಿ ಅಂತ ಸಮಾಜ ಕಲ್ಯಾಣ ಇಲಾಖೆಗೆ ಅರ್ಜಿ ಬರದೀನಿ. (ಗುಮಾಸ್ತನಿಗೆ ಅರ್ಜಿ ಬರಿಯೂದು ಹೇಳಿಕೊಡಬೇಕೇನು?) ಮೊದಲ ಸಹಿ ನನ್ನ ಮಗಳದು, ಆಕೆಯೂ ಹಾಸ್ಟೆಲ್‌ನಾಗ ಅದಾಳ. ಸಹಿ ಹಾಕೋರು ಇನ್‌ಬಾಕ್ಸ್‌ಗೆ ಹೆಸರು ಕಳಸ್ರಿ.