ಮುಗೀತಾ ಅಂತ ಕೇಳಬೇಡಿ

ಪೇಂಟಿಂಗ್ ಓದುವವರಿಗೆ ಕೊನೆಯ ವರ್ಷ ಎಲ್ಲರೂ ಕೇಳುವ ಪ್ರಶ್ನೆ ಒಂದೇ: 'ಮುಗೀತಾ?' ಫೋನ್ ಮಾಡಿದಾಗಲೆಲ್ಲ ಅಮ್ಮ ಕೇಳುತ್ತಾರೆ. ಸ್ಟುಡಿಯೊ ಬಾಗಿಲಲ್ಲಿ ಇಣುಕಿ ಮೇಷ್ಟ್ರು ಕೇಳುತ್ತಾರೆ. ರಾತ್ರಿ ಬೀಗ ಹಾಕಲು ಬರುವ ವಾಚ್‌ಮನ್ ಅಂಕಲ್ ಕೂಡ 'ಏನಮ್ಮ, ಇನ್ನೂ ಮುಗಿಲಿಲ್ವಾ?' ಎನ್ನುತ್ತಾರೆ. ಅವರಿಗೆ ಮನೆಗೆ ಹೋಗುವ ಅವಸರ, ಅದು ನ್ಯಾಯ. ಉಳಿದವರಿಗೆ ಏನು ಅವಸರ ಎಂಬುದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ.

ನನ್ನ ಹತ್ತಿರ ಈಗ ಮೂರು ಮುಗಿಯದ ಚಿತ್ರಗಳಿವೆ. ಸಬ್ಮಿಷನ್‌ಗೆ ಎರಡು ವಾರವೂ ಇಲ್ಲ. ಮೂರನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೇನೆ, ತಪ್ಪು ಮಾಡಿದ ಮಕ್ಕಳನ್ನು ಮೂಲೆಯಲ್ಲಿ ನಿಲ್ಲಿಸಿದ ಹಾಗೆ. ಹೋದ ವಾರ ಅವನ್ನು ತಿರುಗಿಸಿ ಸಾಲಾಗಿ ಇಟ್ಟು ನೋಡಿದಾಗ ಒಂದು ವಿಷಯ ಹೊಳೆಯಿತು. ಮೂರೂ ಅರ್ಧಕ್ಕೆ ನಿಂತಿವೆ, ನಿಜ. ಆದರೆ ಮೂರೂ ಒಂದೇ ಕಾರಣಕ್ಕೆ ನಿಂತಿಲ್ಲ.

ಮೊದಲನೆಯದು ಹಾಸ್ಟೆಲ್ ತಾರಸಿಯ ಬಟ್ಟೆ ಹಗ್ಗಗಳು. ಅದರಲ್ಲಿ ಆಕಾಶ ಬಾಕಿ ಇದೆ. ಏಕೆ ಬಾಕಿ ಎಂದರೆ, ಅಷ್ಟು ದೊಡ್ಡ ಜಾಗಕ್ಕೆ ಬಣ್ಣ ಬಳಿಯುವುದು ನನಗೆ ಬೇಸರ. ಇದು ಶುದ್ಧ ಸೋಮಾರಿತನ. ಇದಕ್ಕೆ 'ನಾನು ಇನ್ನೂ ಹುಡುಕುತ್ತಿದ್ದೇನೆ' ಎಂದು ಹೆಸರಿಟ್ಟರೆ ಮೇಷ್ಟ್ರು ನಂಬಬಹುದು, ನಾನು ನಂಬುವುದಿಲ್ಲ.

ಎರಡನೆಯದು ರೂಮ್‌ಮೇಟ್‌ಳ ಮುಖ. ಮೊದಲ ದಿನವೇ ಬರ್ಂಟ್ ಅಂಬರ್ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿ ಬಿಡಿಸಿದ ಗೆರೆಗಳು ಎಷ್ಟು ಚೆನ್ನಾಗಿ ಬಂದವೆಂದರೆ, ಮೇಲೆ ಬಣ್ಣ ಹಾಕಲು ಕೈಯೇ ಬರುತ್ತಿಲ್ಲ. ಹಾಳಾದರೆ? ಎರಡು ತಿಂಗಳಿಂದ ಅದು ಹಾಗೇ ಇದೆ. ಇದು ಭಯ.

ಮೂರನೆಯದು ಅಪ್ಪ. ಅದರ ಬಗ್ಗೆ ಸ್ವಲ್ಪ ಹೇಳಬೇಕು.

ನಮ್ಮದು ತಿಪಟೂರು. ಅಪ್ಪ ಬೋರ್ಡ್ ಬರೆಯುತ್ತಿದ್ದರು. ಕೊಬ್ಬರಿ ಮಂಡಿ, ಟ್ರೇಡರ್ಸ್, ಬೇಕರಿ, ಕ್ಲಿನಿಕ್, ಚುನಾವಣೆ ಬಂದರೆ ಗೋಡೆ ಬರಹ. ಎನಾಮಲ್ ಡಬ್ಬಗಳ ವಾಸನೆಯಲ್ಲೇ ನಾನು ಬೆಳೆದೆ. ತಗಡಿನ ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಎಳೆದು ಹಿಡಿದು ಟಪ್ ಅಂತ ಬಿಟ್ಟರೆ ನೇರ ಗೆರೆ ಬೀಳುತ್ತಿತ್ತು. ದಾರದ ಆ ಕಡೆ ತುದಿ ಹಿಡಿಯುವ ಕೆಲಸ ನನ್ನದು. ಕನ್ನಡದ ಬೋರ್ಡ್ ಬರೆಯುವುದು ಇಂಗ್ಲಿಷ್ ಬೋರ್ಡ್‌ನಷ್ಟು ಸುಲಭವಲ್ಲ ಎಂದು ಅಪ್ಪ ಹೇಳುತ್ತಿದ್ದರು. ಒತ್ತಕ್ಷರ ಎಲ್ಲಿ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಕೆಳಗೆ ಜಾಗ ಬಿಡಬೇಕು, ಇಲ್ಲದಿದ್ದರೆ 'ಟ್ರೇಡರ್ಸ್' ಬರೆಯುವಾಗ 'ಟ್ರೇ'ಯ ಕಾಲು ಬೋರ್ಡಿನ ಅಂಚಿನಿಂದ ಹೊರಗೆ ಹೋಗುತ್ತದೆ! ಎಲ್ಲ ಮುಗಿದ ಮೇಲೆ ಮೂಲೆಯಲ್ಲಿ ಚಿಕ್ಕದಾಗಿ ತಮ್ಮ ಹೆಸರು, ಮುಂದೆ 'ಆರ್ಟ್ಸ್'. ಅದು ಬಿದ್ದರೆ ಕೆಲಸ ಮುಗಿಯಿತು, ದುಡ್ಡು ಕೈಗೆ ಬಂತು.

ಫ್ಲೆಕ್ಸ್ ಬಂದ ಮೇಲೆ ಎಲ್ಲ ಊರುಗಳಲ್ಲಿ ಆದದ್ದೇ ನಮ್ಮ ಊರಲ್ಲೂ ಆಯಿತು. ಅಪ್ಪ ಈಗ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಬಣ್ಣದ ಡಬ್ಬ ಮಾರುತ್ತಾರೆ, ತೆರೆಯುವುದಿಲ್ಲ.

ನನ್ನ ಚಿತ್ರದಲ್ಲಿ ಅಪ್ಪ ಏಣಿ ಮೇಲೆ ನಿಂತು ಬೋರ್ಡ್ ಬರೆಯುತ್ತಿದ್ದಾರೆ. ನಾಲ್ಕು ಅಡಿಯ ಕ್ಯಾನ್ವಾಸ್. ಏಣಿ ಆಗಿದೆ, ಗೋಡೆ ಆಗಿದೆ, ಬೆವರಿಗೆ ಅಂಟಿದ ಬನಿಯನ್ ಆಗಿದೆ, ಮುಖವೂ ಬಹುಪಾಲು ಆಗಿದೆ. ಬ್ರಷ್ ಹಿಡಿದ ಬಲಗೈ ಮಾತ್ರ ಆಗಿಲ್ಲ. ಏಳು ಸಲ ಬರೆದು ಏಳು ಸಲ ಕೆರೆದು ತೆಗೆದಿದ್ದೇನೆ. ಅಲ್ಲಿ ಈಗ ಬೂದು ಬಣ್ಣದ ಒಂದು ಕಲೆಯಿದೆ, ಅಷ್ಟೆ.

ಮೇಷ್ಟ್ರು ನೋಡಿದರು. 'ಕೈ ಒಂದು ಬಿಟ್ಟರೆ ಮುಗಿದಿದೆಯಲ್ಲಮ್ಮ, ಅಲ್ಲೊಂದು ನೆರಳು ಹಾಕಿ ಮುಚ್ಚಿಬಿಡು. ಜ್ಯೂರಿಗೆ ಬಂದವರು ಒಂದೊಂದು ಚಿತ್ರದ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ?' ಎಂದರು. ಅವರು ಕೆಟ್ಟವರಲ್ಲ. ನನಗೆ ಅಂಕ ಬರಲಿ ಎಂದೇ ಹೇಳಿದ್ದು. ಆದರೆ ನನ್ನ ತಕರಾರು ಇರುವುದು ಸರಿಯಾಗಿ ಅಲ್ಲಿಯೇ. ನಾಲ್ಕು ವರ್ಷದಲ್ಲಿ ನಾವು ಚಿತ್ರ ಮುಗಿಸುವುದನ್ನು ಕಲಿಯುವುದಕ್ಕಿಂತ ಹೆಚ್ಚಾಗಿ ಮುಗಿದಂತೆ ಕಾಣಿಸುವುದನ್ನು ಕಲಿಯುತ್ತೇವೆ. ಕೈ ಬರದಿದ್ದರೆ ಜೇಬಿನೊಳಗೆ ಇಡುವುದು, ಪಾದ ಬರದಿದ್ದರೆ ಹುಲ್ಲು ಬೆಳೆಸುವುದು, ಹಿನ್ನೆಲೆ ತೋಚದಿದ್ದರೆ ಪೂರ್ತಿ ಕಪ್ಪು ಬಳಿದು ಮೇಲೆ ವಾರ್ನಿಶ್ ಹೊಡೆಯುವುದು. ನಮ್ಮ ಬ್ಯಾಚಿನಲ್ಲಿ ಇದರಲ್ಲಿ ಪಳಗಿದವರಿದ್ದಾರೆ. ನಾನೂ ಒಬ್ಬಳು.

ಅವಸರಕ್ಕೆ ಎಣ್ಣೆ ಬಣ್ಣವೇ ಒಂದು ಶಿಕ್ಷೆ ಕೊಡುತ್ತದೆ. ಎಣ್ಣೆ ಬಣ್ಣ ನೀರಿನಂತೆ ಆರಿ ಒಣಗುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಬರ್ಂಟ್ ಅಂಬರ್ ಬೇಗ ಒಣಗುತ್ತದೆ, ಟೈಟಾನಿಯಂ ಬಿಳಿ ದಿನಗಟ್ಟಲೆ ಕಾಯಿಸುತ್ತದೆ. ಅದಕ್ಕೇ ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು ಎಂಬ ನಿಯಮ. ಒಳಗೆ ಇನ್ನೂ ಹಸಿಯಿರುವ ದಪ್ಪ ಪದರದ ಮೇಲೆ ಬೇಗ ಒಣಗುವ ಬಣ್ಣ ಹಾಕಿ ಮುಚ್ಚಿದರೆ ಅಂಕ ಬರುತ್ತದೆ, ಆದರೆ ಕೆಲವು ತಿಂಗಳ ಮೇಲೆ ಬಿರುಕು ಬಿಡುತ್ತದೆ. ಅಷ್ಟರಲ್ಲಿ ರಿಸಲ್ಟ್ ಬಂದಿರುತ್ತದೆ, ಯಾರಿಗೂ ಅದು ಬೇಕಾಗಿರುವುದಿಲ್ಲ.

ಕಲೆಯ ಇತಿಹಾಸದ ತರಗತಿಯಲ್ಲಿ ನಮಗೆ ತೋರಿಸುವುದೂ ಮುಗಿದ ಚಿತ್ರಗಳನ್ನೇ. ಆದರೆ ಸೆಜಾನ್ 1899ರಲ್ಲಿ ತನ್ನ ಚಿತ್ರಗಳನ್ನು ಮಾರುತ್ತಿದ್ದ ವೊಲಾರ್‌ನ ಭಾವಚಿತ್ರ ಬರೆಯುವಾಗ 115 ಸಲ ಆತನನ್ನು ಕುರ್ಚಿಯಲ್ಲಿ ಕೂರಿಸಿದ್ದ ಎಂದು ಸ್ವತಃ ವೊಲಾರ್ ಬರೆದುಕೊಂಡಿದ್ದಾನೆ. ಅಷ್ಟಾದರೂ ಕೈಯ ಮೇಲೆ ಎರಡು ಚಿಕ್ಕ ಚುಕ್ಕೆಯಷ್ಟು ಜಾಗ ಖಾಲಿ ಉಳಿದಿತ್ತು. ಅಲ್ಲಿ ಏನಾದರೊಂದು ಬಣ್ಣ ತುಂಬಿದರೆ ಅದಕ್ಕೆ ಹೊಂದುವಂತೆ ಇಡೀ ಚಿತ್ರವನ್ನೇ ಮತ್ತೆ ಬರೆಯಬೇಕಾದೀತು ಎಂಬುದು ಸೆಜಾನ್‌ನ ಅಳುಕು. ಇದನ್ನು ಓದಿದ ದಿನ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಸೆಜಾನ್‌ಗೂ ಕೈಯೇ!

ಇನ್ನೊಂದು ಪಿಕಾಸೊನ 'ಗೆರ್ನಿಕಾ'. 1937ರ ಏಪ್ರಿಲ್ 26ರಂದು ಸ್ಪೇನ್‌ನ ಆ ಊರಿನ ಮೇಲೆ ಬಾಂಬ್ ಬಿತ್ತು, ಜೂನ್ ಹೊತ್ತಿಗೆ ಅಷ್ಟು ದೊಡ್ಡ ಚಿತ್ರ ಸಿದ್ಧವಾಯಿತು. ಅವಸರದ ಕೆಲಸವೇ. ಆದರೆ ಅದು ಬೆಳೆಯುತ್ತಿದ್ದುದನ್ನು ಛಾಯಾಗ್ರಾಹಕಿ ಡೋರಾ ಮಾರ್ ಹಂತ ಹಂತವಾಗಿ ಫೋಟೊ ತೆಗೆದಿಟ್ಟಿದ್ದಾಳೆ. ಮೊದಲ ಹಂತದಲ್ಲಿ ಕೆಳಗೆ ಬಿದ್ದ ಸೈನಿಕ ಮುಷ್ಟಿ ಬಿಗಿದು ಕೈ ಮೇಲೆತ್ತಿದ್ದಾನೆ. ಮುಂದಿನ ಫೋಟೊದಲ್ಲಿ ಆ ಮುಷ್ಟಿಯಲ್ಲಿ ತೆನೆಗಳಿವೆ, ಹಿಂದೆ ಸೂರ್ಯ. ಆಮೇಲೆ ಎತ್ತಿದ ಕೈಯೇ ಇಲ್ಲ. ಈಗ ನಾವು ನೋಡುವ ಚಿತ್ರದಲ್ಲಿ ಮುರಿದ ಕತ್ತಿ ಹಿಡಿದ ಕೈ ನೆಲದ ಮೇಲೆ ಬಿದ್ದಿದೆ. ಕೊನೆಯ ಚಿತ್ರವನ್ನು ಎಷ್ಟು ಸಲ ನೋಡಿದರೂ ಕಲಿಯಲಾಗದ್ದನ್ನು ಆ ಫೋಟೊಗಳಿಂದ ನಾನು ಕಲಿತೆ. ಅಷ್ಟು ಜೋರಾದ, ಘೋಷಣೆಯಂತಿದ್ದ ಕೈಯನ್ನು ಅಳಿಸಲು ಎಂಥ ಧೈರ್ಯ ಬೇಕು!

ಈಗ ಎಲ್ಲರ ಹತ್ತಿರವೂ ಕ್ಯಾಮೆರಾ ಇದೆಯಲ್ಲ, ರೀಲ್ಸ್‌ನಲ್ಲಿ ಚಿತ್ರ ಬೆಳೆಯುವುದನ್ನೇ ತೋರಿಸುತ್ತಾರಲ್ಲ ಎನ್ನಬಹುದು. ಆ ಟೈಮ್‌ಲ್ಯಾಪ್ಸ್‌ಗಳನ್ನು ನಾನೂ ನೋಡುತ್ತೇನೆ. ಮೂರು ತಿಂಗಳ ಕೆಲಸ ಮೂವತ್ತು ಸೆಕೆಂಡು. ಅದರಲ್ಲಿ ಕೈ ನಿಲ್ಲುವುದೇ ಇಲ್ಲ. ಸ್ಟೂಲ್ ಮೇಲೆ ಕೂತು ಒಂದಿಡೀ ಮಧ್ಯಾಹ್ನ ಬರೀ ನೋಡಿದ್ದು, ಟೀ ಕುಡಿಯಲು ಹೋಗಿ ವಾಪಸ್ ಬಾರದ್ದು, ಕೆರೆದು ತೆಗೆದದ್ದು ಯಾವುದೂ ಇರುವುದಿಲ್ಲ. ಅದನ್ನು ನೋಡಿದ ಮೊದಲ ವರ್ಷದ ಹುಡುಗರು ತಮ್ಮ ಕೈ ನಿಂತಾಗ ತಮಗೆ ಪ್ರತಿಭೆ ಇಲ್ಲ ಅಂದುಕೊಳ್ಳುತ್ತಾರೆ. ನನ್ನ ಕಣ್ಣೆದುರೇ ಒಬ್ಬ ಕೋರ್ಸ್ ಬಿಟ್ಟು ಹೋದ.

ತಮಾಷೆ ಎಂದರೆ, ಕೆಲಸ ಹುಡುಕುವಾಗ ಕಥೆ ಉಲ್ಟಾ. ಆನಿಮೇಷನ್ ಸ್ಟುಡಿಯೊ ಒಂದಕ್ಕೆ ಸಂದರ್ಶನಕ್ಕೆ ಹೋದ ಸೀನಿಯರ್ ಒಬ್ಬರು ಹೇಳಿದ್ದು: ಅವರು ಫ್ರೇಮ್ ಹಾಕಿಸಿದ ಚಿತ್ರಗಳ ಫೋಟೊಗಳನ್ನು ಚಕಚಕ ತಿರುವಿ ಹಾಕಿ, 'ಸ್ಕೆಚ್‌ಬುಕ್ ತಂದಿದ್ದೀರಾ?' ಎಂದು ಕೇಳಿದರಂತೆ. ಇವರು ಅದನ್ನು ಹಾಸ್ಟೆಲ್ ಖಾಲಿ ಮಾಡುವಾಗ ರದ್ದಿಗೆ ಹಾಕಿ ಬಂದಿದ್ದರು. ಹೇಗೆ ಯೋಚಿಸುತ್ತೀರಿ, ತಪ್ಪಿದಾಗ ಏನು ಮಾಡುತ್ತೀರಿ ಎಂಬುದು ಅವರಿಗೆ ಬೇಕಿತ್ತು. ನಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಚಿತ್ರದ ಫೋಟೊವನ್ನು ಅಪ್ಪನಿಗೆ ತೋರಿಸಿದೆ. ಮೊದಲ ಸಲ. ತನ್ನದೇ ಚಿತ್ರ ಎಂದು ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಕನ್ನಡಕ ಹಾಕಿಕೊಂಡು ಮೊಬೈಲನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. 'ಇದೇನಮ್ಮ, ಏಣಿ ಮೇಲೆ ಯಾರಾದ್ರೂ ಹಿಂಗೆ ನಿಂತ್ಕೊತಾರಾ? ಬಿದ್ದೋಗ್ತಾರೆ' ಎಂದರು. ಆಮೇಲೆ, 'ಕೈ ಯಾಕೆ ಬಿಟ್ಟಿದೀಯ?' ಬರುತ್ತಿಲ್ಲ ಎಂದೆ. ಹಳೆಯ ಏಳು ಕೈಗಳ ಫೋಟೊಗಳನ್ನೂ ತೋರಿಸಿದೆ. ದಿನವೂ ಸಂಜೆ ಒಂದು ತೆಗೆದಿಡುತ್ತೇನೆ.

'ಇವೆಲ್ಲ ನೀನು ಬ್ರಷ್ ಹಿಡಿಯೋ ಹಂಗಿದಾವೆ. ನಾನೆಲ್ಲಿ ಹಿಂಗ್ ಹಿಡೀತಿದ್ದೆ?' ಎಂದು ಎದ್ದರು. ಅಡುಗೆಮನೆಯಿಂದ ಒಂದು ಚಮಚ ತಂದು, ಗೋಡೆಯ ಮುಂದೆ ನಿಂತು ತೋರಿಸಿದರು. ಕಿರುಬೆರಳು ಗೋಡೆಗೆ ತಾಗಿತ್ತು. ಇಡೀ ಕೈಯ ಭಾರ ಆ ಒಂದು ಬೆರಳ ಮೇಲೆ. ಉಳಿದ ಬೆರಳುಗಳು ಸಡಿಲ. ಅಕ್ಷರ ತಿರುಗಿದಂತೆ ಕಿರುಬೆರಳು ಅಲ್ಲೇ ಮೊಳೆಯ ಹಾಗೆ ನಿಂತು, ಮಿಕ್ಕ ಕೈ ಅದರ ಸುತ್ತ ತಿರುಗುತ್ತಿತ್ತು. ಚಮಚದಲ್ಲಿ ಗಾಳಿಯ ಮೇಲೆ 'ಶ್ರೀ' ಬರೆದರು. ಎಷ್ಟು ವರ್ಷದ ಮೇಲೆ ಬರೆದರೋ. ಅಮ್ಮ ಒಗ್ಗರಣೆ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದರು.

ಇಪ್ಪತ್ತು ವರ್ಷ ಆ ಕೈಯನ್ನು ನೋಡಿದ್ದ ನಾನು ಅದನ್ನು ನೋಡಿಯೇ ಇರಲಿಲ್ಲ. ಮೇಷ್ಟ್ರು ಹೇಳಿದಂತೆ ನೆರಳು ಹಾಕಿ ಮುಚ್ಚಿದ್ದರೆ ಚಿತ್ರ ಮುಗಿಯುತ್ತಿತ್ತು, ನನಗೆ ಇದು ಗೊತ್ತಾಗುತ್ತಿರಲಿಲ್ಲ.

ಆದರೂ ಅಪ್ಪ ನನ್ನ ಪಕ್ಷ ಅಂದುಕೊಳ್ಳಬೇಡಿ. ಮರುದಿನ ಬೆಳಿಗ್ಗೆ ಅವರೇ ಹೇಳಿದರು: 'ಅರ್ಧ ಬರೆದ ಬೋರ್ಡ್‌ಗೆ ಯಾರಾದ್ರೂ ದುಡ್ಡು ಕೊಡ್ತಾರಾ? ನಾನು ನಿನ್ನಂಗೆ ಏಳು ಸಲ ಕೆರೀತಾ ಕೂತಿದ್ರೆ ನಿನ್ನ ಫೀಸು ಕಟ್ಟೋಕಾಗ್ತಿತ್ತಾ?' ನನ್ನ ಹತ್ತಿರ ಉತ್ತರವಿರಲಿಲ್ಲ. ಮುಗಿಸದೇ ಇರುವುದು ಒಂದು ಅನುಕೂಲ. ಆ ಅನುಕೂಲವನ್ನು ನನಗೆ ಕೊಟ್ಟದ್ದು ಅವರು ಮುಗಿಸಿದ ಬೋರ್ಡ್‌ಗಳೇ. ಅದನ್ನು ಮರೆತು 'ಕಲಾವಿದರಿಗೆ ಗಡುವು ಇರಬಾರದು' ಎಂದು ಭಾಷಣ ಮಾಡುವ ಸಹಪಾಠಿಗಳನ್ನು ಕಂಡರೆ ನನಗೆ ಆಗುವುದಿಲ್ಲ. ಗಡುವು ಇರಲಿ. ತಾರಸಿಯ ಆಕಾಶ ಗಡುವು ಇಲ್ಲದೆ ನನ್ನಿಂದ ಎಂದೂ ಆಗುವುದಿಲ್ಲ.

ನಮ್ಮಲ್ಲಿ ಕಾಯಿಯನ್ನು ಉಂಡೆ ಕೊಬ್ಬರಿ ಮಾಡಲು ಅಟ್ಟಕ್ಕೆ ಹಾಕುತ್ತಾರೆ. ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಳ್ಳುತ್ತದೆ. ಅಜ್ಜಿ ಆಗಾಗ ಅಟ್ಟ ಹತ್ತಿ ಒಂದೊಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ನೀರಿನ ಸದ್ದು ಬಂದರೆ ವಾಪಸ್ ಇಡುತ್ತಿದ್ದರು. ಗಡಗಡ ಎಂದರೆ ಕೆಳಗಿಳಿಸುತ್ತಿದ್ದರು. ಅವರಿಗೂ ಸಾಲವಿತ್ತು, ಮಂಡಿಯ ದರ ಏರುವುದು ಇಳಿಯುವುದು ಇತ್ತು. ಆದರೂ ಹಸಿ ಕಾಯಿಯನ್ನು ಕೊಬ್ಬರಿ ಎಂದು ಚೀಲಕ್ಕೆ ತುಂಬಲಿಲ್ಲ. ಕಾಯಿ ಅಲ್ಲಾಡಿಸಿ ನೋಡದೆ ಅಟ್ಟದಲ್ಲೇ ಮರೆತು ಬಿಡಲೂ ಇಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ವಾರ್ಷಿಕ ಪ್ರದರ್ಶನದಲ್ಲಿ ಒಂದು ಗೋಡೆಯನ್ನು ಮುಗಿಯದ ಚಿತ್ರಗಳಿಗೆ ಬಿಡಿ. ಪಕ್ಕದಲ್ಲಿ ಸ್ಕೆಚ್‌ಬುಕ್, ಹಂತಗಳ ಫೋಟೊ ಇರಲಿ. ಜ್ಯೂರಿಯಲ್ಲಿ ಕೂರುವವರು ಅಲ್ಲಿ ನಿಂತು 'ಇದು ಯಾಕೆ ನಿಂತಿದೆ?' ಎಂದು ಕೇಳಲಿ, ವಿದ್ಯಾರ್ಥಿ ಉತ್ತರ ಕೊಡಲಿ, ಆ ಉತ್ತರಕ್ಕೂ ಅಂಕ ಇರಲಿ. ಸೋಮಾರಿಗಳು ಅಲ್ಲಿ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತಾರೆ, ನನ್ನನ್ನೂ ಸೇರಿಸಿ. ಭಯ ಬಿದ್ದವರಿಗೆ ಯಾರಾದರೂ 'ಹಾಳಾದರೆ ಆಗಲಿ, ಹಾಕು ಬಣ್ಣ' ಎಂದಾರು. ಮನೆಯವರು ನೋಡಲು ಬಂದಾಗ ನಾವು ನಾಲ್ಕು ವರ್ಷ ಏನು ಮಾಡಿದೆವು ಎಂಬುದು ಫ್ರೇಮ್ ಹಾಕಿದ ಗೋಡೆಗಿಂತ ಆ ಗೋಡೆಯಲ್ಲೇ ಚೆನ್ನಾಗಿ ಗೊತ್ತಾಗುತ್ತದೆ.

ರೂಮ್‌ಮೇಟ್ ಮುಖಕ್ಕೆ ನಿನ್ನೆ ಬಣ್ಣ ಹಾಕಿದೆ. ಹಾಳಾಯಿತು. ಅಂಬರ್ ಗೆರೆಗಳ ಚೆಲುವು ಹೋಯಿತು. ಆದರೆ ಅವಳಿಗೆ ಈಗ ಮೊದಲಿಗಿಂತ ಸ್ವಲ್ಪ ಸಿಟ್ಟು ಬಂದಂತಿದೆ, ಅದು ಅವಳಿಗೆ ಹೆಚ್ಚು ಹೋಲುತ್ತದೆ. ಆಕಾಶಕ್ಕೆ ಭಾನುವಾರ ಇಟ್ಟಿದ್ದೇನೆ.

ಅಪ್ಪನ ಎಂಟನೆಯ ಕೈ ಬರೆಯುತ್ತಿದ್ದೇನೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅವರು ಫೋನ್ ಮಾಡುತ್ತಾರೆ. ಮುಗೀತಾ ಅಂತ ಈಗ ಕೇಳುವುದಿಲ್ಲ. 'ಕಿರುಬೆರಳು ಏನಾಯ್ತಮ್ಮ?' ಎನ್ನುತ್ತಾರೆ.